ಮೊದಲು ಹಸಿ ಕಸ, ಉಳಿದದ್ದು ಆಮೇಲೆ

ಮಾನ್ಯ ಸಂಪಾದಕರೇ,

ನಗರಗಳ ಕಸದ ಮಾತು ಬಂದಾಗಲೆಲ್ಲ ಹೊಸ ಗಾಡಿ, ದೊಡ್ಡ ಯಂತ್ರ, ಕಸ ಸುಟ್ಟು ವಿದ್ಯುತ್ ತೆಗೆಯುವ ಘಟಕ ಇವುಗಳ ಸುದ್ದಿಯೇ ಜಾಸ್ತಿ. ಇವೆಲ್ಲ ಬೇಕಾಗಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತೀರ್ಮಾನವಾಗುವುದೇ ಇಲ್ಲ. ಇರುವ ದುಡ್ಡೂ ಕಡಿಮೆ, ಕೆಲಸ ಮಾಡುವ ಕೈಗಳೂ ಕಡಿಮೆ. ನನ್ನನ್ನು ಕೇಳಿದರೆ ಮೊದಲ ಜಾಗ ಹಸಿ ಕಸಕ್ಕೆ.

ಒಣ ಕಸ ಒಂದು ವಾರ ಮನೆಯ ಮೂಲೆಯಲ್ಲಿದ್ದರೂ ಯಾರಿಗೂ ತೊಂದರೆಯಿಲ್ಲ. ಹಸಿ ಕಸ ಎರಡನೇ ದಿನಕ್ಕೇ ನಾರುತ್ತದೆ. ಅದನ್ನು ಊರಾಚೆ ಗುಡ್ಡೆ ಹಾಕಿದರೆ ಒಳಗೆ ಗಾಳಿಯಾಡದೆ ಕೊಳೆತು ಮಿಥೇನ್ ಅನಿಲ ಹುಟ್ಟುತ್ತದೆ. 20 ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಇದರ ಶಕ್ತಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು. ಗುಡ್ಡೆಗೆ ಬೆಂಕಿ ಬಿದ್ದರೆ ದಿನಗಟ್ಟಲೆ ಆರದಿರುವುದಕ್ಕೂ ಈ ಅನಿಲ ಒಂದು ಕಾರಣ. ಅಡಿಯಿಂದ ಒಸರುವ ಕಪ್ಪು ನೀರು ಮಣ್ಣಿಗಿಳಿದು ಅಕ್ಕಪಕ್ಕದವರ ಬಾವಿ ಕೆಡಿಸುತ್ತದೆ.

ಒಣ ಕಸವನ್ನು ಹಾಳು ಮಾಡುವುದೂ ಹಸಿ ಕಸವೇ. ಕೊಳೆ ಹತ್ತಿದ ಕಾಗದ, ಒದ್ದೆಯಾದ ರಟ್ಟು ಯಾರಿಗೂ ಬೇಡ. ಸುಡುವ ಘಟಕಕ್ಕೂ ಅದು ಆಗಿಬರುವುದಿಲ್ಲ. ನೀರು ತುಂಬಿದ ಕಸ ಸರಿಯಾಗಿ ಉರಿಯುವುದಿಲ್ಲ, ಒಣಗಿಸುವುದರಲ್ಲೇ ಶಾಖ ಮುಗಿದುಹೋಗುತ್ತದೆ. ಹಸಿ ಕಸದ ತೂಕದಲ್ಲಿ ದೊಡ್ಡ ಪಾಲು ನೀರು. ಅದನ್ನು ಗಾಡಿಗೆ ತುಂಬಿ ಊರಾಚೆಗೆ ಒಯ್ಯುತ್ತೇವೆ ಎಂದರೆ ಡೀಸೆಲ್ ಸುಟ್ಟು ನೀರು ಹೊರುತ್ತಿದ್ದೇವೆ ಎಂದೇ ಅರ್ಥ.

ನಾನು ಮನೆಯಲ್ಲಿ ಬಹಳ ಕಾಲದಿಂದ ಕಸ ಬೇರೆ ಮಾಡುತ್ತಿದ್ದೇನೆ. ಒಂದು ಬೆಳಿಗ್ಗೆ ಗಾಡಿಯವರು ಎರಡೂ ಬಕೆಟ್‌ಗಳನ್ನು ಒಂದೇ ಕಡೆ ಸುರಿದರು. ಯಾಕೆ ಎಂದು ಕೇಳಿದೆ. "ಏನ್ ಮಾಡೋದಮ್ಮಾ, ಗಾಡಿಯಲ್ಲಿ ಇರೋದೇ ಒಂದು ತೊಟ್ಟಿ" ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬಹಳ ಬೇಜಾರಾಯಿತು. ಅದನ್ನು ನೋಡಿದ ಪಕ್ಕದ ಮನೆಯವರು ಮಾರನೇ ದಿನದಿಂದ ಬೇರೆ ಮಾಡುವುದನ್ನೇ ಬಿಟ್ಟರು. ಜನರಿಗೆ ತಿಳಿವಳಿಕೆ ಇಲ್ಲ ಎಂದು ಸುಮ್ನೆ ದೂರುವ ಮೊದಲು ಗಾಡಿಯಲ್ಲಿ ಎರಡು ಭಾಗ ಮಾಡಿಸಬೇಕು, ಅಲ್ವಾ?

ಹಸಿ ಕಸದ ಗಾಡಿ ದಿನಾ ಬರಲಿ. ಒಣ ಕಸಕ್ಕೆ ವಾರಕ್ಕೊಮ್ಮೆ ಬಂದರೆ ಸಾಕು. ಅಲ್ಲಿ ಉಳಿಯುವ ಹಣವನ್ನು ಬಡಾವಣೆಗೊಂದು ಗೊಬ್ಬರದ ಜಾಗ ಮಾಡುವುದಕ್ಕೆ ಹಾಕಬಹುದು. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಹಸಿ ಕಸದ ಜೊತೆ ತರಗೆಲೆಯನ್ನೋ ಮರದ ಹೊಟ್ಟನ್ನೋ ಬೆರೆಸಬೇಕು, ಆಗಾಗ ಮಗುಚಬೇಕು, ಹಿಂಡಿದ ಬಟ್ಟೆಯಷ್ಟು ತೇವ ಇರುವ ಹಾಗೆ ನೋಡಿಕೊಳ್ಳಬೇಕು. ರಾಶಿಯೊಳಗಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ಹಾಗೇ ಇದ್ದರೆ ರೋಗಾಣುಗಳು, ಕಳೆಬೀಜಗಳು ಸಾಯುತ್ತವೆ. ಕೆಲವೇ ತಿಂಗಳಲ್ಲಿ ಗೊಬ್ಬರ ಸಿದ್ಧ. ದಕ್ಷಿಣ ಕೊರಿಯಾ 2005ರಲ್ಲೇ ಆಹಾರದ ಕಸವನ್ನು ನೇರವಾಗಿ ಗುಂಡಿಗೆ ಸುರಿಯುವುದನ್ನು ನಿಲ್ಲಿಸಿತು. 2013ರಿಂದ ಯಾರು ಎಷ್ಟು ಎಸೆಯುತ್ತಾರೋ ಅಷ್ಟು ಶುಲ್ಕ ಕಟ್ಟಬೇಕು ಎಂದು ದೇಶದುದ್ದಕ್ಕೂ ನಿಯಮ ತಂದಿತು.

ಎಸೆಯುವುದನ್ನೇ ಕಡಿಮೆ ಮಾಡುವುದು ಇನ್ನೂ ಒಳ್ಳೆಯದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ಶೇ 60ರಷ್ಟು ಮನೆಗಳಿಂದಲೇ ಬಂದದ್ದು. ಇದನ್ನು ಓದಿದಾಗ ಹೊಟ್ಟೆ ಉರಿಯಿತು.

ಎರಡನೇ ಜಾಗ ಪ್ಯಾಡ್, ಡಯಾಪರ್, ಸೂಜಿ, ಒಡೆದ ಗಾಜು ಇವುಗಳಿಗೆ. ತೂಕದಲ್ಲಿ ಇವು ಕಡಿಮೆಯೇ ಇರಬಹುದು. ಆದರೆ ಇವನ್ನು ಆರಿಸುವುದು ಒಬ್ಬ ಪೌರಕಾರ್ಮಿಕರ ಬರಿಗೈ. ಬೇರೆ ಸುತ್ತಿ, ಗುರುತು ಮಾಡಿ ಕೊಡುವ ವ್ಯವಸ್ಥೆ ಬೇಕು, ಅವರಿಗೆ ಗಟ್ಟಿ ಕೈಗವಸು ಬೇಕು. ಆಮೇಲೆ ಒಣ ಕಸ. ಸುಡುವುದು, ಹೂಳುವುದು ಕೊನೆಗೆ.

ನಗರಾಡಳಿತ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ವಾರ್ಡಿನಲ್ಲಿ ಎಷ್ಟು ಹಸಿ ಕಸ ಬೇರೆಯಾಗಿ ಬಂತು, ಅದರಲ್ಲಿ ಎಷ್ಟು ಗೊಬ್ಬರವಾಯಿತು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸಿ. ನಾವು ಬಂದು ಓದುತ್ತೇವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು