ಮ್ಯಾಕ್ ವಿಳಾಸಗಳನ್ನು ಕೈಯಲ್ಲಿ ಬರೆಸುವುದನ್ನು ನಿಲ್ಲಿಸಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಪ್ರಯೋಗಾಲಯಗಳ ನೋಂದಣಿಗಾಗಿ ಪ್ರತಿ ಯಂತ್ರದ ಮ್ಯಾಕ್ ವಿಳಾಸವನ್ನು (ಜಾಲಕ್ಕೆ ಜೋಡಿಸುವ ಕಾರ್ಡಿನ ಗುರುತಿನ ಸಂಖ್ಯೆಯನ್ನು) ನಮೂನೆಯಲ್ಲಿ ಕೈಯಾರೆ ತುಂಬಿಸಿಕೊಳ್ಳುವ ಪದ್ಧತಿ ಇನ್ನೂ ಉಳಿದಿದೆ. ಮಂಡ್ಯದ ಕಾಲೇಜೊಂದರ ಪ್ರಯೋಗಾಲಯವನ್ನು ನೋಡಿಕೊಳ್ಳುವ ನಾನು ಇದನ್ನು ಕೈಬಿಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಈ ವಿಳಾಸದಲ್ಲಿ 12 ಅಕ್ಷರಗಳಿರುತ್ತವೆ. ಅವು 0ಯಿಂದ 9ರವರೆಗಿನ ಅಂಕಿಗಳು ಮತ್ತು ಎ ಇಂದ ಎಫ್‌ವರೆಗಿನ ಅಕ್ಷರಗಳು. ಬರೆಯುವಾಗ 8 ಬಿ ಆಗುತ್ತದೆ, 0 ಡಿ ಆಗುತ್ತದೆ, ನೋಂದಣಿಯಾದ ವಿಳಾಸ ಹೊಂದಿಕೆಯಾಗದೆ ಅಷ್ಟಕ್ಕೇ ಆ ಯಂತ್ರ ಜಾಲದಿಂದ ಹೊರಗುಳಿಯುತ್ತದೆ. ವಿಂಡೋಸ್‌ನಲ್ಲಿರುವ ಗೆಟ್‌ಮ್ಯಾಕ್ ಆಜ್ಞೆ ಈ ವಿಳಾಸವನ್ನು ತೆರೆಯ ಮೇಲೆ ತೋರಿಸುತ್ತದೆ. ವಿಂಡೋಸ್‌ನದೇ ಆಜ್ಞಾ ಸಾಧನವಾದ ಪವರ್‌ಶೆಲ್‌ನ ಎರಡು ಸಾಲಿನ ಸ್ಕ್ರಿಪ್ಟ್ (ತಾನಾಗಿ ಓಡುವ ಆಜ್ಞೆಗಳ ಫೈಲು) ಇದೇ ಮಾಹಿತಿಯನ್ನು ಯಂತ್ರದ ಹೆಸರಿನೊಂದಿಗೆ ನೇರವಾಗಿ ಫೈಲಿಗೆ ಬರೆದುಕೊಡುತ್ತದೆ. ಲಿನಕ್ಸ್‌ನಲ್ಲಂತೂ ಪ್ರತಿ ಅಡಾಪ್ಟರಿನ (ಜಾಲ ಕಾರ್ಡಿನ) ವಿಳಾಸ ಒಂದು ಪುಟ್ಟ ಪಠ್ಯ ಫೈಲಿನಲ್ಲೇ ಸಿಗುತ್ತದೆ.

ಆದರೆ ಸ್ಕ್ರಿಪ್ಟ್ ಕೊಟ್ಟದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಅನೇಕ ಹಳೆಯ ಸ್ಕ್ರಿಪ್ಟ್‌ಗಳು ಐಪಿ ವಿಳಾಸ (ಜಾಲ ಸಂಪರ್ಕಕ್ಕೆ ಬಳಸುವ ಇನ್ನೊಂದು ವಿಳಾಸ) ಚಾಲ್ತಿಯಲ್ಲಿರುವ ಅಡಾಪ್ಟರುಗಳನ್ನು ಮಾತ್ರ ಹುಡುಕಿ, ಸಿಕ್ಕ ಮೊದಲನೆಯದನ್ನೇ ದಾಖಲಿಸುತ್ತವೆ. ಆ ಹೊತ್ತಿಗೆ ಕೇಬಲ್ ಕಳಚಿದ್ದರೆ ನಿಜವಾದ ಈಥರ್ನೆಟ್ ಕಾರ್ಡು ಪಟ್ಟಿಯಲ್ಲೇ ಬರುವುದಿಲ್ಲ, ಕಂಪ್ಯೂಟರಿನೊಳಗೆ ಮತ್ತೊಂದು ಕಾಲ್ಪನಿಕ ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಹಾಕಿರುವ ಯಂತ್ರದಲ್ಲಾದರೆ ಅದು ಸೃಷ್ಟಿಸಿದ ಕಾಲ್ಪನಿಕ ಅಡಾಪ್ಟರಿನ ವಿಳಾಸವೇ ನೋಂದಣಿಯಾಗಿಬಿಡಬಹುದು. ವೈಫೈಗೆ ಯಾದೃಚ್ಛಿಕ ವಿಳಾಸ ಬಳಸುವ ಸೌಲಭ್ಯ ವಿಂಡೋಸ್ 10ರಿಂದಲೇ ಇದ್ದು, ಅದನ್ನು ಚಾಲೂ ಮಾಡಿದ್ದರೆ ಜಾಲಕ್ಕೆ ಕಾಣುವ ವಿಳಾಸವೂ ಕಾರ್ಡಿನ ಮೂಲ ವಿಳಾಸವೂ ಬೇರೆಬೇರೆಯಾಗುತ್ತವೆ. ಅಂಥ ಯಾದೃಚ್ಛಿಕ ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿರುತ್ತದೆ. ಪಟ್ಟಿ ಪರಿಶೀಲಿಸುವವರು ಇದೊಂದನ್ನು ನೋಡಿದರೂ ಎಷ್ಟೋ ಗೊಂದಲ ತಪ್ಪುತ್ತದೆ.

ಇನ್ನೊಂದು ಮಾತು. ಇಂಥ ಕೆಲಸಕ್ಕೆ ಹಿಂದೆ ಹೆಚ್ಚಾಗಿ ಬಳಕೆಯಾಗುತ್ತಿದ್ದ ವಿಬಿಸ್ಕ್ರಿಪ್ಟ್ ಎಂಬ ಸ್ಕ್ರಿಪ್ಟ್ ಭಾಷೆಯನ್ನು ಹಂತಹಂತವಾಗಿ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿದೆ. ಹಳೆಯ ಫೈಲುಗಳನ್ನೇ ಕಾಲೇಜಿನಿಂದ ಕಾಲೇಜಿಗೆ ಹಂಚುವ ಬದಲು ಈಗಲೇ ಪವರ್‌ಶೆಲ್‌ಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಪಟ್ಟಿ ಕೇಳುವ ಕಚೇರಿಗಳು ತಂತಿ ಸಂಪರ್ಕದ ವಿಳಾಸ ಬೇಕೋ ವೈಫೈನದು ಬೇಕೋ ಎಂಬುದನ್ನು ನಮೂನೆಯಲ್ಲೇ ಸ್ಪಷ್ಟಪಡಿಸಲಿ, ಪರೀಕ್ಷಿಸಿದ ಒಂದೇ ಸ್ಕ್ರಿಪ್ಟನ್ನು ಎಲ್ಲರಿಗೂ ಕಳುಹಿಸಲಿ ಮತ್ತು ಅದು ಕೊಡುವ ಫೈಲನ್ನೇ ಸ್ವೀಕರಿಸಲಿ. ಮದರ್‌ಬೋರ್ಡ್ ಅಥವಾ ಕಾರ್ಡು ಬದಲಾದಾಗ ಅದೇ ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿ ತಿದ್ದುಪಡಿ ಸಲ್ಲಿಸಲು ಅವಕಾಶವಿರಲಿ.

— ಪ್ರಯೋಗಾಲಯ ಸಹಾಯಕ, ಮಂಡ್ಯ