ಮೊದಲ ಬೈಕ್ ಯಾವುದು ತಗೊಳ್ಳಬೇಕು ಎಂದು ಕೇಳಿದವರಿಗೆ

ಗೆಳೆಯರೇ, ನಾನು ತಗೊಂಡಿದ್ದು ಸ್ಪ್ಲೆಂಡರ್ ಪ್ಲಸ್, 97.2 ಸಿಸಿ. ಕೂತರೆ ಎರಡೂ ಕಾಲು ನೆಲಕ್ಕೆ ಸಿಗುತ್ತವೆ, ಕಲಿಯುವವರಿಗೆ ಅದೇ ದೊಡ್ಡ ಧೈರ್ಯ. ಮೊದಲ ಗೇರ್‌ನಲ್ಲಿ ಆಕ್ಸಿಲರೇಟರ್ ಕೊಡದೆ ಕ್ಲಚ್ ನಿಧಾನವಾಗಿ ಬಿಟ್ಟರೂ ಗಾಡಿ ತಾನೇ ಮುಂದೆ ಹೋಗುತ್ತದೆ. ಮೊದಲು ಖಾಲಿ ಮೈದಾನದಲ್ಲಿ ಇದನ್ನೇ ರೂಢಿ ಮಾಡಿಕೊಳ್ಳಿ.

ಆಷಾಢದಲ್ಲಿ ನಮ್ಮ ಚಿತ್ರದುರ್ಗದ ಗಾಳಿ ಗೊತ್ತಲ್ವಾ? ಹೈವೇ 48ರಲ್ಲಿ ಲಾರಿ ಪಕ್ಕದಲ್ಲಿದ್ದಾಗ ಗಾಳಿ ತಡೆದಿರುತ್ತದೆ. ಲಾರಿ ದಾಟಿದ ಕೂಡಲೇ ಆ ಗಾಳಿ ಹಗುರ ಗಾಡಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಆಗ ವೇಗ ಇಳಿಸಿ, ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ. ಕೈ ಮಾತ್ರ ಬಿಗಿ ಮಾಡಬೇಡಿ. ಕಲಿಯುವವರು ಸದ್ಯಕ್ಕೆ ಹೈವೇಗೆ ಹೋಗದಿದ್ದರೇ ಒಳ್ಳೇದು.

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕ 30 ದಿನದ ಮೇಲೆ ಡಿಎಲ್ ಪರೀಕ್ಷೆ. ಭಾನುವಾರ ಬೆಳಗ್ಗೆ ಕಲಿಯಲು ಬರುವವರು ಇಲ್ಲೇ ಹೆಸರು ಹಾಕಿ. ಹೆಲ್ಮೆಟ್ ಮರೆಯಬೇಡಿ.