ಕಾನೂನು ಪಾಲಿಸಿದವನೇ ಠಾಣೆಗೆ ಅಲೆಯಬೇಕೆ?

ಮಾನ್ಯ ಸಂಪಾದಕರೆ,

ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ಸಲ್ಲಿಸದ ಮನೆ ಮಾಲೀಕರ ಮೇಲೆ ಮುಂಬಯಿಯ ನಮ್ಮ ಭಾಗದಲ್ಲಿ ಪ್ರಕರಣ ದಾಖಲಾದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ವಿವರ ಸಲ್ಲಿಸದವರಿಗೆ ಏನಾಯಿತೆಂದು ಅದರಲ್ಲಿದೆ. ಸಲ್ಲಿಸಿದವರ ಪಾಡೇನು ಎಂಬುದು ಇಲ್ಲ. ಅದನ್ನು ನಿನ್ನೆ ನಾನೇ ಅನುಭವಿಸಿ ಬಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿವೃತ್ತಿಯ ಹಣದಲ್ಲಿ ಕೊಂಡ ಒಂದು ಸಣ್ಣ ಫ್ಲ್ಯಾಟನ್ನು ಹುಬ್ಬಳ್ಳಿ ಕಡೆಯ ಬ್ಯಾಂಕ್ ನೌಕರನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂದು ಊರಿನ ನೆಂಟರು ಈಗಲೂ ಬುದ್ಧಿ ಹೇಳುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನಂತೆ ಲೀವ್ ಆ್ಯಂಡ್ ಲೈಸನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಕೊಡುವಾಗ ಮಾಡಿಕೊಳ್ಳುವ ಒಪ್ಪಂದ) ಲಿಖಿತವಾಗಿರಬೇಕು, ನೋಂದಣಿಯೂ ಆಗಿರಬೇಕು, ಅದರ ಹೊಣೆ ಮಾಲೀಕನದೇ. ತಪ್ಪಿದರೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಲಿಖಿತ ನೋಂದಾಯಿತ ಕರಾರಿಲ್ಲದಿದ್ದರೆ ಬಾಡಿಗೆದಾರ ಹೇಳಿದ ಷರತ್ತೇ ನಿಜವೆಂದು ಹಿಡಿಯುವ ಅವಕಾಶವೂ ಅದೇ ಕಲಮಿನಲ್ಲಿದೆ. ಆದುದರಿಂದ ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆ. ತಿಂಗಳಿಗೆ 25,000 ರೂಪಾಯಿಯಂತೆ 11 ತಿಂಗಳ ಬಾಡಿಗೆ, ಒಂದು ಲಕ್ಷದ ಡಿಪಾಸಿಟ್ ಮೇಲೆ ಶೇ. 10ರ ಕಾಲ್ಪನಿಕ ಬಡ್ಡಿ, ಇವೆರಡನ್ನೂ ಕೂಡಿಸಿದ ಮೊತ್ತಕ್ಕೆ ಶೇ. 0.25 ಮುದ್ರಾಂಕ ಶುಲ್ಕ, ಅದಲ್ಲದೆ ಮಹಾನಗರ ವ್ಯಾಪ್ತಿಯ 1,000 ರೂಪಾಯಿ ನೋಂದಣಿ ಶುಲ್ಕ. ಡಿಪಾಸಿಟ್ಟಿಗೆ ಶೇ. 10 ಬಡ್ಡಿ ಕೊಡುವ ಬ್ಯಾಂಕ್ ಯಾವುದೆಂದು ಸರಕಾರ ತಿಳಿಸಿದರೆ ಆ ಹಣವನ್ನು ಅಲ್ಲಿಗೇ ಒಯ್ದು ಇಡಲು ಸಿದ್ಧನಿದ್ದೇನೆ. ಏಜೆಂಟನ ಫೀ ಬೇರೆ. ಅವನು ತಂದ ಯಂತ್ರ ನನ್ನ ಪತ್ನಿಯ ಹೆಬ್ಬೆರಳನ್ನು ಎಷ್ಟು ಒತ್ತಿದರೂ ಒಪ್ಪದೆ, ಕೊಬ್ಬರಿ ಎಣ್ಣೆ ಸವರಿ, ಸೆರಗಿನಿಂದ ಒರಸಿ, ಮತ್ತೆ ಒತ್ತಿ, ಕೊನೆಗೆ ಹಸಿರು ದೀಪ ಬೆಳಗುವಷ್ಟರಲ್ಲಿ ಸಾಕ್ಷಿಗೆಂದು ಬಂದ ಪಕ್ಕದ ಮನೆಯವರು ಎರಡನೇ ಚಹಾ ಕುಡಿದಿದ್ದರು.

ಇಷ್ಟೆಲ್ಲ ಆದ ಮೇಲೆ ಪೊಲೀಸರ ಜಾಲತಾಣದಲ್ಲಿಯೂ ಬಾಡಿಗೆದಾರನ ವಿವರ ತುಂಬಿದ್ದೆ. ನಿನ್ನೆ ಕಟ್ಟಡಕ್ಕೆ ಬಂದ ಹವಾಲ್ದಾರರಿಗೆ ಮೊಬೈಲಿನಲ್ಲಿದ್ದ ಸ್ವೀಕೃತಿಯನ್ನು ತೋರಿಸಿದರೆ, ಅವರು ಅದನ್ನು ನೋಡಿಯೂ ನೋಡದಂತೆ, "ಹೇ ಚಾಲಣಾರ್ ನಾಹೀ" (ಇದು ನಡೆಯುವುದಿಲ್ಲ) ಎಂದುಬಿಟ್ಟರು. ಪ್ರಿಂಟ್ ಬೇಕು, ಕರಾರಿನ ಎಲ್ಲ ಪುಟಗಳ ಝೆರಾಕ್ಸ್ ಬೇಕು, ಬಾಡಿಗೆದಾರನೇ ಖುದ್ದಾಗಿ ಠಾಣೆಗೆ ಬರಬೇಕು. ಅವನು ರಜೆ ಹಾಕಿ ಬಂದ. ಕೆಳಗಿನ ಝೆರಾಕ್ಸ್ ಅಂಗಡಿಯ ಮುಂದೆ ಅಷ್ಟರಲ್ಲಾಗಲೇ ನಮ್ಮಂಥವರದೇ ಸಾಲು. ಠಾಣೆಯಲ್ಲಿ ಬೆಂಚಿನ ಮೇಲೆ ಕುಳಿತು ಕುಳಿತು ಮಧ್ಯಾಹ್ನ ಕಳೆದ ಮೇಲೆ ತಿಳಿದದ್ದು ಇಷ್ಟೆ: ಸಂಬಂಧಪಟ್ಟ ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, "ಉದ್ಯಾ ಯಾ" (ನಾಳೆ ಬನ್ನಿ).

ಸಮಾಜಘಾತುಕರು ಬಾಡಿಗೆ ಮನೆಗಳಲ್ಲಿ ಅಡಗಬಾರದೆಂಬ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. 2008ರ ನವೆಂಬರಿನ ಭಯೋತ್ಪಾದಕ ದಾಳಿ ಕಂಡ ಮುಂಬಯಿಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಎಂದು, ಬಾಡಿಗೆದಾರರ ವಿವರ ಕೊಡಲೇಬೇಕೆಂಬ ಎರಡೆರಡು ತಿಂಗಳ ಆದೇಶವನ್ನು ಪುನಃಪುನಃ ಹೊರಡಿಸುವ, ಮುರಿದರೆ ನ್ಯಾಯ ಸಂಹಿತೆಯ 223ನೇ ಕಲಂ ಎಂದು ಬೆದರಿಸುವ ಸರಕಾರಕ್ಕೆ, ತನ್ನದೇ ನೋಂದಣಿ ಇಲಾಖೆಯ ಬಳಿ ಅದೇ ಬಾಡಿಗೆದಾರನ ಹೆಸರು, ಭಾವಚಿತ್ರ, ಬೆರಳಚ್ಚು ಎಲ್ಲವೂ ಇದೆಯೆಂಬುದು ಗೊತ್ತಿಲ್ಲವೆ? ಭಯೋತ್ಪಾದಕನೇನು ಮುದ್ರಾಂಕ ಶುಲ್ಕ ಕಟ್ಟಿ ಹೆಬ್ಬೆಟ್ಟು ಒತ್ತಿ ಬರುತ್ತಾನೆಯೆ? ರಸ್ತೆಯಾಚೆ ಯಾವ ಕಾಗದವೂ ಇಲ್ಲದೆ, ದಲ್ಲಾಳಿಯ ಕೈಗೆ ನಗದು ಸುರಿದು, ಒಂದೊಂದು ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಮಲಗುವ ಕಟ್ಟಡಗಳಿವೆ. ಹವಾಲ್ದಾರರು ಅತ್ತ ಸುಳಿದದ್ದನ್ನು ನಮ್ಮ ವಾಚ್‌ಮನ್ ಕೂಡ ಕಂಡಿಲ್ಲ.

ಹೌಸಿಂಗ್ ಸೊಸೈಟಿಗಳದ್ದು ಇನ್ನೊಂದು ದರ್ಬಾರು. ಮಾದರಿ ಉಪವಿಧಿಗಳ ಪ್ರಕಾರ ಮನೆ ಬಾಡಿಗೆಗೆ ಕೊಡಲು ಸೊಸೈಟಿಯ ಪೂರ್ವಾನುಮತಿ ಬೇಕಿಲ್ಲ, ತಿಳಿಸಿದರೆ ಸಾಕು. ಮಾಲೀಕ ತಾನು ವಾಸಿಸದೆ ಬಾಡಿಗೆಗೆ ಕೊಟ್ಟ ಮನೆಗೆ ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು 2001ರಲ್ಲಿಯೇ ಸರಕಾರಿ ಆದೇಶವಾಗಿದೆ. ನಮ್ಮ ಕಾರ್ಯದರ್ಶಿಗಳು ಮಾತ್ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ಬಾಡಿಗೆದಾರನ ಸಾಮಾನಿನ ಟೆಂಪೊ ಗೇಟಿನೊಳಗೆ ಬಿಡುವುದಿಲ್ಲ. ಈ ಬಗ್ಗೆ ಸಹಕಾರ ಇಲಾಖೆಗೆ ಬರೆದ ದೂರಿನ ಪ್ರತಿಯ ಮೇಲೆ "ಸ್ವೀಕರಿಸಲಾಗಿದೆ" ಎಂಬ ನೀಲಿ ಠಸ್ಸೆ ಬಿದ್ದಿದೆ. ಠಸ್ಸೆ ಹಾಕಿದ ಗುಮಾಸ್ತರು ನಿವೃತ್ತರಾದರು, ಉತ್ತರ ಬರಲಿಲ್ಲ.

ಊರಿನಿಂದ ಕೆಲಸ ಹುಡುಕಿ ಬರುವ ನಮ್ಮ ಹುಡುಗರಿಗೆ ಮನೆ ಸಿಗುವುದಿಲ್ಲವೆಂದು ಸಂಘಗಳ ಸಭೆಗಳಲ್ಲಿ ಮರುಗುವವರು ಇದನ್ನೂ ಗಮನಿಸಲಿ. ಮುಲುಂಡಿನಿಂದ ದಹಿಸರದವರೆಗೆ, ಈ ರಗಳೆಯೇ ಬೇಡವೆಂದು ಫ್ಲ್ಯಾಟಿಗೆ ಬೀಗ ಜಡಿದು ಕುಳಿತ ಹಿರಿಯರು ನನ್ನ ಪರಿಚಯದಲ್ಲಿಯೇ ಇದ್ದಾರೆ.

ನೋಂದಣಿ ಇಲಾಖೆಯೂ ಪೊಲೀಸ್ ಇಲಾಖೆಯೂ ಪರಸ್ಪರ ಮಾತನಾಡಿಕೊಂಡು ಒಂದೇ ಕಾಗದ ಸಾಕೆಂದು ಘೋಷಿಸಲಿ. ಅದಾಗದಿದ್ದರೆ ಆ ಜಾಲತಾಣವನ್ನಾದರೂ ಮುಚ್ಚಲಿ. ಎರಡೂ ಆಗದಿದ್ದರೆ, ಹಿರಿಯ ನಾಗರಿಕರನ್ನು ಬೆಂಚಿನ ಮೇಲೆ ಕೂರಿಸಿ ನಾಳೆ ಬನ್ನಿ ಎನ್ನುವ ಅಧಿಕಾರಿಗಳು ಬಾಡಿಗೆಗೆ ಕೊಟ್ಟಿರುವ ತಮ್ಮ ಸ್ವಂತ ಫ್ಲ್ಯಾಟುಗಳ ಕರಾರು ಪತ್ರಗಳನ್ನು ಮೊದಲು ಠಾಣೆಯ ಫಲಕಕ್ಕೆ ಅಂಟಿಸಲಿ, ನಾವೂ ಓದಿಕೊಳ್ಳುತ್ತೇವೆ.

— ನೊಂದ ಮನೆ ಮಾಲೀಕ, ಮುಂಬಯಿ